ಗಿಟಾರ್ ಹೊಟ್ಟೆಯೊಳಗಿನ ವೈರುಗಳು: ಇರುವ ಪಿಕಪ್‌ಗಳಿಂದಲೇ ಇನ್ನಷ್ಟು ದನಿ

ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ನಿಮ್ಮ ಹತ್ತಿರ ಇದ್ದರೆ ಒಂದು ಕೆಲಸ ಮಾಡಿ. ತಂತಿಗಳನ್ನು ಬಿಚ್ಚಿ. ಮುಂಭಾಗದ ಪ್ಲಾಸ್ಟಿಕ್ ಹಲಗೆಯ ಸ್ಕ್ರೂಗಳನ್ನು ತೆಗೆಯಿರಿ. ಸಾಮಾನ್ಯವಾಗಿ ಹನ್ನೊಂದು ಇರುತ್ತವೆ. ಹಲಗೆಯನ್ನು ಮೆಲ್ಲಗೆ ಮಗುಚಿ ನೋಡಿ. ಮೂರು ಪಿಕಪ್ (ತಂತಿಯ ಅಲುಗಾಟವನ್ನು ಹಿಡಿಯುವ ಭಾಗ), ಮೂರು ಪಾಟ್ (ವಾಲ್ಯೂಮ್, ಟೋನ್ ಗುಂಡಿಗಳ ಅಡಿಯ ಭಾಗ), ಒಂದು ಸ್ವಿಚ್, ಒಂದೋ ಎರಡೋ ಕೆಪಾಸಿಟರ್, ಹತ್ತಿಪ್ಪತ್ತು ತುಂಡು ವೈರ್. ಅಷ್ಟೇ. ಬ್ಯಾಟರಿ ಇಲ್ಲ, ಚಿಪ್ ಇಲ್ಲ.

ಲಿಯೋ ಫೆಂಡರ್ ಗಿಟಾರ್ ಮಾಡುವ ಮೊದಲು ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. 1954ರಲ್ಲಿ ಅವರ ಕಂಪನಿ ಹೊರತಂದ ಸ್ಟ್ರ್ಯಾಟೊಕ್ಯಾಸ್ಟರ್ ಒಳಗೆ ಇದ್ದದ್ದೂ ರೇಡಿಯೋ ಅಂಗಡಿಯ ಸಾಮಾನುಗಳೇ. ಇಷ್ಟು ವರ್ಷ ಕಳೆದರೂ ಆ ಜೋಡಣೆ ಹೆಚ್ಚೇನೂ ಬದಲಾಗಿಲ್ಲ. ಹಳೇ ರೇಡಿಯೋ ಬಿಚ್ಚಿ ಕೂರಿಸಿದ ಕೈಗೆ ಇದು ಹೊಸ ವಿದ್ಯೆಯಲ್ಲ.

ಗಿಟಾರ್‌ನ ದನಿ ಬೇಸರ ಬಂದಾಗ ಬಹಳ ಜನ ಮೊದಲು ಮಾಡುವುದು ಹೊಸ ಪಿಕಪ್ ಹುಡುಕುವುದು. ನನ್ನ ಅನುಭವದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಇರುವ ಪಿಕಪ್‌ಗಳನ್ನೇ ಬೇರೆ ರೀತಿ ಜೋಡಿಸಿದರೆ ಸಿಗುವ ದನಿಗಳು ಎಷ್ಟೋ ಇವೆ. ಅದಕ್ಕೆ ಬೇಕಾಗುವುದು ಒಂದು ಸ್ವಿಚ್, ಸ್ವಲ್ಪ ಸೋಲ್ಡರ್, ಒಂದು ಮಧ್ಯಾಹ್ನದ ಬಿಡುವು.

ಪಿಕಪ್ ಅಂದರೆ ಏನು?

ಅಯಸ್ಕಾಂತ, ಅದರ ಸುತ್ತ ತಾಮ್ರದ ಕಾಯಿಲ್. ಮೇಲೆ ಉಕ್ಕಿನ ತಂತಿ ಕಂಪಿಸುತ್ತದೆ. ಉಕ್ಕು ಅಲುಗಿದಾಗ ಅಯಸ್ಕಾಂತದ ಕ್ಷೇತ್ರವೂ ಅಲುಗುತ್ತದೆ. ಕ್ಷೇತ್ರ ಅಲುಗಿದರೆ ಕಾಯಿಲ್‌ನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಶಾಲೆಯಲ್ಲಿ ಓದಿದ ಫ್ಯಾರಡೆಯ ನಿಯಮ ಇದೇ. ಸ್ಟ್ರ್ಯಾಟ್ ಪಿಕಪ್ ಒಂದರಲ್ಲಿ ಕೂದಲೆಳೆಯಷ್ಟು ತೆಳುವಾದ ವೈರನ್ನು ಸುಮಾರು ಎಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಆದ್ದರಿಂದಲೇ ಪಿಕಪ್ ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಕಾಯಿಲ್‌ಗೆ ತಗುಲಬಾರದು. ಒಂದು ಎಳೆ ತುಂಡಾದರೂ ಪಿಕಪ್ ಹೋದಂತೆಯೇ.

ಪಿಕಪ್‌ಗೆ ಕೇಳುವುದು ಮರದ ಸದ್ದಲ್ಲ, ಉಕ್ಕಿನ ಅಲುಗಾಟ. ನೈಲಾನ್ ತಂತಿಗೆ ಅದು ಕಿವುಡು. ವೀಣೆಯ ಹಿತ್ತಾಳೆ ತಂತಿಗೂ ಅಷ್ಟೇ, ಹಿತ್ತಾಳೆಯನ್ನು ಅಯಸ್ಕಾಂತ ಸೆಳೆಯುವುದಿಲ್ಲ ಅಲ್ವಾ?

ಇನ್ನು ಪಿಕಪ್ ಕೂತ ಜಾಗ. ಸ್ಟ್ರ್ಯಾಟ್‌ನಲ್ಲಿ ತಂತಿಯ ಕಂಪಿಸುವ ಉದ್ದ 648 ಮಿ.ಮೀ. ಗಿಟಾರ್‌ನ ಕತ್ತಿನ ಬದಿಯ ನೆಕ್ ಪಿಕಪ್ ಇರುವುದು ಬ್ರಿಡ್ಜ್‌ನಿಂದ (ತಂತಿಗಳು ಕೂರುವ ಲೋಹದ ಕುದುರೆ) ಹೆಚ್ಚುಕಡಿಮೆ 162 ಮಿ.ಮೀ. ದೂರದಲ್ಲಿ, ಅಂದರೆ ತಂತಿಯ ಕಾಲು ಭಾಗದಲ್ಲಿ. ಅಲ್ಲಿ ತಂತಿಯ ಓಲಾಟ ದೊಡ್ಡದು, ಹಾಗಾಗಿ ದನಿ ದುಂಡಗೆ ಬರುತ್ತದೆ. ಬ್ರಿಡ್ಜ್ ಹತ್ತಿರ ತಂತಿ ಅಲುಗುವುದೇ ಕಡಿಮೆ. ಅಲ್ಲಿ ಮೂಲ ಸ್ವರದ ತೂಕ ಇಳಿದು, ಮೇಲಿನ ಸಣ್ಣ ಸಣ್ಣ ಕಂಪನಗಳು ಎದ್ದು ಕಾಣುತ್ತವೆ. ದನಿ ಚೂಪಾಗುತ್ತದೆ. ಒಂದೇ ಪಿಕಪ್ ಎರಡು ಜಾಗದಲ್ಲಿ ಎರಡು ದನಿ ಕೊಡುತ್ತದೆ. ಎಷ್ಟೇ ದುಬಾರಿ ಪಿಕಪ್ ತಂದರೂ ಈ ಜಾಗ ಬದಲಾಗುವುದಿಲ್ಲ. ಹಾಗಾಗಿ ಯಾವ ಜಾಗದ ದನಿಯನ್ನು ಯಾವುದರ ಜೊತೆ ಬೆರೆಸುತ್ತೀರಿ ಅನ್ನುವುದು ಅಷ್ಟು ಮುಖ್ಯ.

ಮೂರು ಪಿಕಪ್, ಏಳು ದನಿ

ಮೂರು ಪಿಕಪ್ ಇವೆ. ಒಂದೊಂದಕ್ಕೂ ಆನ್ ಅಥವಾ ಆಫ್. ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು. ಎಲ್ಲವೂ ಆಫ್ ಆದ ಒಂದನ್ನು ಬಿಟ್ಟರೆ ಏಳು. ಆದರೆ ಸ್ಟ್ರ್ಯಾಟ್‌ನ ಸ್ವಿಚ್ ಕೊಡುವುದು ಐದೇ. ಮೊದಲಲ್ಲಿ ಅದೂ ಇರಲಿಲ್ಲ. 1954ರ ಸ್ವಿಚ್‌ಗೆ ಮೂರೇ ಸ್ಥಾನ, ಒಂದು ಸಲಕ್ಕೆ ಒಂದೇ ಪಿಕಪ್. ನುಡಿಸುವವರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ನಾಜೂಕಾಗಿ ನಿಲ್ಲಿಸಿ ಎರಡು ಪಿಕಪ್ ಒಟ್ಟಿಗೆ ಹಚ್ಚಲು ಕಲಿತರು. ಆ ದನಿ ಎಷ್ಟು ಜನಪ್ರಿಯವಾಯಿತೆಂದರೆ 1977ರಲ್ಲಿ ಕಂಪನಿಯೇ ಐದು ಸ್ಥಾನದ ಸ್ವಿಚ್ ಹಾಕತೊಡಗಿತು.

ಬಿಟ್ಟುಹೋದ ಎರಡು ಯಾವುವು? ನೆಕ್ ಮತ್ತು ಬ್ರಿಡ್ಜ್ ಒಟ್ಟಿಗೆ ಒಂದು. ಮೂರೂ ಒಟ್ಟಿಗೆ ಇನ್ನೊಂದು. ಇವನ್ನು ಪಡೆಯಲು ಬೇಕಾದದ್ದು ಒಂದೇ ಆನ್-ಆಫ್ ಸ್ವಿಚ್. ನೆಕ್ ಪಿಕಪ್‌ನ ಹಾಟ್ ವೈರ್ (ಸಿಗ್ನಲ್ ಹೊರತರುವ ವೈರ್) ಸ್ವಿಚ್ಚಿಗೆ ಬಂದು ಸೇರುವ ಕಡ್ಡಿಯಿಂದ (ವೈರ್ ಬೆಸೆಯುವ ಲೋಹದ ಕಾಲು) ಒಂದು ವೈರ್ ಎಳೆದು, ಈ ಹೊಸ ಸ್ವಿಚ್ ಮೂಲಕ ವಾಲ್ಯೂಮ್ ಪಾಟ್‌ನ ಒಳಬರುವ ಕಡ್ಡಿಗೆ ಕೊಡಿ. ಹೊಸ ಸ್ವಿಚ್ ಹಾಕಿದಾಗ ನೆಕ್ ಪಿಕಪ್ ಸದಾ ಆನ್. ಗಿಟಾರ್‌ಗೆ ಹೊಸ ತೂತು ಕೊರೆಯಲು ಮನಸ್ಸಿಲ್ಲದಿದ್ದರೆ ಪುಶ್-ಪುಲ್ ಪಾಟ್ ಹಾಕಿ. ಗುಂಡಿ ತಿರುಗಿಸಿದರೆ ಟೋನ್, ಮೇಲಕ್ಕೆ ಎಳೆದರೆ ಸ್ವಿಚ್. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ ಕಪ್ಪು ಸ್ಟ್ರ್ಯಾಟ್‌ಗೆ ಇಂಥದ್ದೇ ಪುಟ್ಟ ಸ್ವಿಚ್ ಹಾಕಿಸಿಕೊಂಡಿದ್ದರು.

ಇದಕ್ಕೂ ಸುಲಭದ್ದು ಇನ್ನೊಂದಿದೆ. ಹಳೇ ರೀತಿಯ ಸ್ಟ್ರ್ಯಾಟ್‌ನಲ್ಲಿ ಬ್ರಿಡ್ಜ್ ಪಿಕಪ್‌ಗೆ ಟೋನ್ ಕಂಟ್ರೋಲೇ ಇಲ್ಲ. ಅತಿ ಚೂಪಾದ ಪಿಕಪ್‌ಗೇ ಕಡಿವಾಣ ಇಲ್ಲ! ಸ್ವಿಚ್‌ನ ಟೋನ್ ಬದಿಯಲ್ಲಿ ಮಧ್ಯದ ಕಡ್ಡಿಯಿಂದ ಬ್ರಿಡ್ಜ್ ಕಡ್ಡಿಗೆ ಒಂದು ಸೆಂಟಿಮೀಟರ್ ವೈರ್ ಬೆಸೆದರೆ ಸಾಕು. ಎರಡು ಬೆಸುಗೆ, ಕಿವಿ ಕೊರೆಯುವ ದನಿ ಹದಕ್ಕೆ ಬರುತ್ತದೆ. ಮೊದಲ ಸಲ ಸೋಲ್ಡರಿಂಗ್ ಐರನ್ ಹಿಡಿಯುವವರು ಇದರಿಂದಲೇ ಶುರು ಮಾಡಲಿ.

ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ

ಹಬ್ಬಕ್ಕೆ ಮನೆ ಮುಂದೆ ಹಾಕುವ ಹಳೇ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲು ಪೂರ್ತಿ ಆರಿಹೋಗುತ್ತಿತ್ತು. ಕರೆಂಟ್ ಒಂದರೊಳಗಿಂದ ಇನ್ನೊಂದಕ್ಕೆ ಹೋಗುವ ಜೋಡಣೆ ಅದು. ಮನೆಯೊಳಗಿನ ಬಲ್ಬ್‌ಗಳು ಹಾಗಲ್ಲ, ಒಂದೊಂದಕ್ಕೂ ಬೇರೆ ದಾರಿ. ಮೊದಲನೆಯದು ಸೀರೀಸ್, ಎರಡನೆಯದು ಪ್ಯಾರಲಲ್. ಪಿಕಪ್‌ಗಳಿಗೂ ಇವೆರಡೇ ದಾರಿ.

ಸ್ಟ್ರ್ಯಾಟ್ ಸ್ವಿಚ್‌ನ ನಡುವಿನ ಸ್ಥಾನಗಳಲ್ಲಿ ಎರಡು ಪಿಕಪ್ ಪ್ಯಾರಲಲ್ ಆಗಿ ಸೇರುತ್ತವೆ. ದನಿ ತಿಳಿಯಾಗಿ, ಸ್ವಲ್ಪ ಟೊಳ್ಳಾಗಿ, ಗಂಟೆಯ ಹಾಗೆ ಕೇಳುತ್ತದೆ. ಅದೇ ಎರಡನ್ನು ಸೀರೀಸ್‌ನಲ್ಲಿ ಜೋಡಿಸಿದರೆ, ಅಂದರೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ, ಎರಡರ ವೋಲ್ಟೇಜೂ ಕೂಡಿಕೊಂಡು ಸದ್ದು ಜೋರಾಗುತ್ತದೆ. ಮಧ್ಯದ ಸ್ವರಗಳು ಗಟ್ಟಿಯಾಗುತ್ತವೆ, ಮೇಲಿನ ಹೊಳಪು ಕಡಿಮೆಯಾಗುತ್ತದೆ. ಪಿಕಪ್ ಬದಲಾಗಿಲ್ಲ, ಜಾಗ ಬದಲಾಗಿಲ್ಲ. ಬದಲಾದದ್ದು ದಾರಿ ಮಾತ್ರ.

ಈ ದಾರಿಯ ಆಟವನ್ನು ಪೂರ್ತಿ ಆಡಿದವರು ಕ್ವೀನ್ ತಂಡದ ಬ್ರಯಾನ್ ಮೇ. 1963ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅಪ್ಪನ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಕಟ್ಟಲು ಶುರು ಮಾಡಿದರು. ಗಿಟಾರ್‌ನ ಕತ್ತಿಗೆ ಹಳೇ ಬೆಂಕಿಗೂಡಿನ ಮರ. ರೆಡ್ ಸ್ಪೆಷಲ್ ಎಂದು ಹೆಸರಾದ ಆ ಗಿಟಾರ್‌ನಲ್ಲಿ ಬರ್ನ್ಸ್ ಕಂಪನಿಯ ಮೂರು ಪಿಕಪ್, ಮೂರೂ ಸೀರೀಸ್‌ನಲ್ಲಿ. ಪ್ರತಿ ಪಿಕಪ್‌ಗೂ ಒಂದು ಆನ್-ಆಫ್ ಸ್ವಿಚ್, ಇನ್ನೊಂದು ಫೇಸ್ ತಿರುಗಿಸುವ ಸ್ವಿಚ್. ಒಟ್ಟು ಆರು ಸಣ್ಣ ಸ್ವಿಚ್. ಅವರ ಗಿಟಾರ್ ಒಮ್ಮೆ ಪಿಟೀಲಿನಂತೆ, ಒಮ್ಮೆ ಕಹಳೆಯಂತೆ ಕೇಳುವುದರ ಹಿಂದೆ ಈ ಆರು ಸ್ವಿಚ್‌ಗಳ ಪಾಲು ದೊಡ್ಡದು.

ಫೇಸ್ ಅಂದೆನಲ್ಲ, ಅದೇನು? ಒಂದು ಪಿಕಪ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿ. ಈಗ ಒಂದು ಪಿಕಪ್ ಮೇಲೆ ತಳ್ಳುವಾಗ ಇನ್ನೊಂದು ಕೆಳಗೆ ಎಳೆಯುತ್ತದೆ. ಎರಡಕ್ಕೂ ಸಮಾನವಾಗಿ ಕೇಳುವ ತಗ್ಗಿನ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ತೆಳ್ಳಗಿನ, ಮೂಗಿನಿಂದ ಹೊರಟಂಥ ದನಿ. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಗಿಟಾರ್ ಹೆಸರಾದದ್ದೇ ಇದರಿಂದ. ಅದರ ನೆಕ್ ಪಿಕಪ್‌ನ ಅಯಸ್ಕಾಂತ ತಿರುಗಿ ಕೂತಿತ್ತು. ಎರಡೂ ಪಿಕಪ್ ಒಟ್ಟಿಗೆ ಹಚ್ಚಿದರೆ ಅಳುವಂಥ ದನಿ ಬರುತ್ತಿತ್ತು. ಆ ಗಿಟಾರ್ ಮುಂದೆ ಗ್ಯಾರಿ ಮೂರ್ ಕೈಗೆ, ಆಮೇಲೆ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೈಗೆ ಹೋಯಿತು.

ಹೊಸ ಪಿಕಪ್ ಹಾಕಿದ ಮೇಲೆ ನಡುವಿನ ಸ್ಥಾನದಲ್ಲಿ ದನಿ ಇದ್ದಕ್ಕಿದ್ದಂತೆ ಸೊರಗಿದರೆ ಪಿಕಪ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಗೆಳೆಯನೊಬ್ಬನ ಗಿಟಾರ್‌ನಲ್ಲಿ ಹೀಗೇ ಆಗಿತ್ತು. ಒಂದೊಂದೇ ಪಿಕಪ್ ಹಚ್ಚಿದರೆ ತುಂಬು ದನಿ, ಎರಡು ಸೇರಿಸಿದರೆ ಸೊಳ್ಳೆ ಹಾಡಿದಂತೆ. ಒಂದು ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದ ತಕ್ಷಣ ಸರಿಹೋಯಿತು. ಒಂದು ಎಚ್ಚರ ಮಾತ್ರ ಬೇಕು. ಟೆಲಿಕ್ಯಾಸ್ಟರ್‌ನ ನೆಕ್ ಪಿಕಪ್ ತರಹ ಲೋಹದ ಮುಚ್ಚಳ ಇದ್ದರೆ, ಆ ಮುಚ್ಚಳ ಒಂದು ವೈರಿಗೆ ಸೇರಿಕೊಂಡಿರುತ್ತದೆ. ಮೊದಲು ಅದನ್ನು ಬೇರ್ಪಡಿಸಿ ಗ್ರೌಂಡ್‌ಗೆ (ಸಿಗ್ನಲ್ ಮರಳಿ ಹೋಗುವ ಸಾಮಾನ್ಯ ದಾರಿ) ಬೇರೆ ವೈರ್ ಕೊಡಿ. ಇಲ್ಲದಿದ್ದರೆ ಮುಚ್ಚಳವೇ ಆಂಟೆನಾ ಆಗಿ ಗುಂಯ್‌ಗುಡುತ್ತದೆ.

ಹಂಬಕರ್ ಒಳಗೆ ಎರಡು ಪಿಕಪ್

ಒಂದೇ ಕಾಯಿಲ್‌ನ ಪಿಕಪ್‌ಗೆ ದೊಡ್ಡ ಕಾಟ ಎಂದರೆ ಮನೆಯ ಕರೆಂಟಿನ ಗುಂಯ್ ಸದ್ದು. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಓಲಾಡುತ್ತದೆ, ಕಾಯಿಲ್ ಅದನ್ನೂ ಹಿಡಿದುಬಿಡುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಉಪಾಯ ಸರಳ. ಎರಡು ಕಾಯಿಲ್ ಇಡಿ. ಎರಡನೆಯದನ್ನು ಉಲ್ಟಾ ಜೋಡಿಸಿ, ಅದರ ಅಯಸ್ಕಾಂತದ ಧ್ರುವವನ್ನೂ ಉಲ್ಟಾ ಮಾಡಿ. ಹೊರಗಿನ ಗುಂಯ್ ಸದ್ದಿಗೆ ಅಯಸ್ಕಾಂತದ ಹಂಗಿಲ್ಲ. ಅದು ಒಂದು ಸಲ ಮಾತ್ರ ಉಲ್ಟಾ ಆಗಿ ಅಳಿಸಿಹೋಗುತ್ತದೆ. ತಂತಿಯ ಸದ್ದು ಎರಡು ಸಲ ಉಲ್ಟಾ ಆಗುತ್ತದೆ, ಅಂದರೆ ಸೀದಾ ಆಗಿ ಕೂಡಿಕೊಳ್ಳುತ್ತದೆ. ಹೀಗೆ ಎರಡು ಕಾಯಿಲ್ ಇರುವ ಪಿಕಪ್ಪೇ ಹಂಬಕರ್. ಇಷ್ಟು ಚಂದದ ಉಪಾಯ ಈ ಇಡೀ ವಿಷಯದಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅನಿಸಿಕೆ. ಈಗಿನ ಬಹಳಷ್ಟು ಸ್ಟ್ರ್ಯಾಟ್‌ಗಳಲ್ಲಿ ಮಧ್ಯದ ಪಿಕಪ್ ಹೀಗೆ ಉಲ್ಟಾ ಇರುತ್ತದೆ, ಅದಕ್ಕೇ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಗುಂಯ್ ಸದ್ದು ನಿಲ್ಲುತ್ತದೆ.

ಹಂಬಕರ್‌ನಿಂದ ನಾಲ್ಕು ಬಣ್ಣದ ವೈರ್ ಹೊರಬಂದಿದ್ದರೆ ಅದೃಷ್ಟ. ಒಂದೊಂದು ಕಾಯಿಲ್‌ಗೆ ಎರಡೆರಡು. ಸಾಮಾನ್ಯವಾಗಿ ಎರಡು ಕಾಯಿಲ್ ಸೀರೀಸ್‌ನಲ್ಲಿರುತ್ತವೆ. ನಡುವಿನ ಗಂಟನ್ನು ಒಂದು ಸ್ವಿಚ್ ಮೂಲಕ ಗ್ರೌಂಡ್‌ಗೆ ಕೊಟ್ಟರೆ ಒಂದು ಕಾಯಿಲ್ ಮಲಗಿ, ಇನ್ನೊಂದು ಒಂಟಿಯಾಗಿ ಹಾಡುತ್ತದೆ. ಇದೇ ಕಾಯಿಲ್ ಸ್ಪ್ಲಿಟ್. ದನಿ ತೆಳುವಾಗುತ್ತದೆ, ಆದರೆ ಸದ್ದು ಇಳಿಯುತ್ತದೆ, ಗುಂಯ್ ಮರಳಿ ಬರುತ್ತದೆ. ನನಗೆ ಇದಕ್ಕಿಂತ ಎರಡು ಕಾಯಿಲ್‌ಗಳನ್ನು ಪ್ಯಾರಲಲ್ ಮಾಡುವುದೇ ಹೆಚ್ಚು ಇಷ್ಟ. ದನಿ ತಿಳಿಯಾಗುತ್ತದೆ, ಗುಂಯ್ ಬರುವುದೂ ಇಲ್ಲ. ಆರು ಕಡ್ಡಿಯ ಸ್ವಿಚ್ ಬೇಕು, ಅಷ್ಟೇ.

ಬಣ್ಣಗಳ ವಿಷಯದಲ್ಲಿ ಹುಷಾರು. ಸೀಮೋರ್ ಡಂಕನ್ ಪಿಕಪ್‌ನಲ್ಲಿ ಕಪ್ಪು ವೈರ್ ಹಾಟ್, ಕೆಂಪು ಬಿಳಿ ಸೇರಿ ನಡುವಿನ ಗಂಟು. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಸೇರಿ ಗಂಟು. ಎರಡರಲ್ಲೂ ಹಸಿರು ಗ್ರೌಂಡ್. ಒಂದರ ಚಿತ್ರ ನೋಡಿ ಇನ್ನೊಂದನ್ನು ಬೆಸೆದರೆ ಕೆಲಸ ಕೆಟ್ಟಂತೆ.

ಪಾಟ್, ಕೆಪಾಸಿಟರ್, ಕೇಬಲ್ಲೂ ದನಿಯೇ

ಪಿಕಪ್‌ನ ಕಾಯಿಲ್ ಮತ್ತು ನಿಮ್ಮ ಕೇಬಲ್ ಸೇರಿ ಒಂದು ಉಯ್ಯಾಲೆ ಆಗುತ್ತವೆ. ಉಯ್ಯಾಲೆಗೆ ತನ್ನದೇ ಒಂದು ಲಯ ಇರುತ್ತದೆ, ಆ ಲಯಕ್ಕೆ ತಳ್ಳಿದರೆ ಎತ್ತರಕ್ಕೆ ಹೋಗುತ್ತದೆ. ಸ್ಟ್ರ್ಯಾಟ್ ಪಿಕಪ್‌ನ ಇಂಡಕ್ಟೆನ್ಸ್ ಸುಮಾರು 2.4 ಹೆನ್ರಿ. ಐದಾರು ಮೀಟರ್ ಕೇಬಲ್‌ನ ಕೆಪಾಸಿಟೆನ್ಸ್ ಸುಮಾರು 600 ಪಿಕೋಫ್ಯಾರಡ್ ಎಂದುಕೊಳ್ಳಿ. ಲೆಕ್ಕ ಹಾಕಿದರೆ 4,200 ಹರ್ಟ್ಜ್ ಹತ್ತಿರ ಒಂದು ಏರು ಬರುತ್ತದೆ. 5 ಹೆನ್ರಿಯ ಹಂಬಕರ್ ಹಾಕಿದರೆ ಅದೇ ಏರು 2,900ರ ಹತ್ತಿರಕ್ಕೆ ಇಳಿಯುತ್ತದೆ. ಒಂದು ಹೊಳೆಯುವ ದನಿ, ಇನ್ನೊಂದು ದಪ್ಪ ದನಿ ಎನ್ನುತ್ತೇವಲ್ಲ, ಅದರ ಬಹುಪಾಲು ಗುಟ್ಟು ಇಲ್ಲಿದೆ. ಉದ್ದ ಕೇಬಲ್ ಹಾಕಿದರೆ ದನಿ ಮಂಕಾಗುವುದೂ ಇದೇ ಕಾರಣಕ್ಕೆ.

ಪಾಟ್ ಈ ಉಯ್ಯಾಲೆಗೆ ಬ್ರೇಕ್. 250 ಕಿಲೋ ಓಮ್ ಪಾಟ್ ಏರನ್ನು ಹೆಚ್ಚು ತಗ್ಗಿಸುತ್ತದೆ, 500 ಕಿಲೋ ಓಮ್ ಕಡಿಮೆ ತಗ್ಗಿಸುತ್ತದೆ. ಒಂಟಿ ಕಾಯಿಲ್ ಮೊದಲೇ ಚೂಪು, ಅದಕ್ಕೆ 250. ಹಂಬಕರ್ ಸ್ವಲ್ಪ ಮಬ್ಬು, ಅದಕ್ಕೆ 500. ಸ್ಟ್ರ್ಯಾಟ್‌ಗೆ ಹಂಬಕರ್ ಹಾಕಿ ಹಳೇ ಪಾಟನ್ನೇ ಬಿಟ್ಟವರು "ಪಿಕಪ್ ಚೆನ್ನಾಗಿಲ್ಲ" ಎನ್ನುವುದನ್ನು ಕೇಳಿದ್ದೇನೆ. ತಪ್ಪು ಪಿಕಪ್‌ನದ್ದಲ್ಲ.

ಟೋನ್ ಕೆಪಾಸಿಟರ್ ಜರಡಿ ಇದ್ದಂತೆ. ಸಣ್ಣದನ್ನು, ಅಂದರೆ ಮೇಲಿನ ಚೂಪು ಸ್ವರಗಳನ್ನು, ಕೆಳಗೆ ಗ್ರೌಂಡ್‌ಗೆ ಬೀಳಿಸಿ ದಪ್ಪನೆಯದನ್ನು ಉಳಿಸಿಕೊಳ್ಳುತ್ತದೆ. 0.047 ಮೈಕ್ರೋಫ್ಯಾರಡ್ ಹಾಕಿದರೆ ಜರಡಿಯ ಕಣ್ಣು ದೊಡ್ಡದು, 0.022 ಹಾಕಿದರೆ ಸಣ್ಣದು. ಈ ಅಂಕಿಯೇ ಮುಖ್ಯ. ಎಣ್ಣೆಯಲ್ಲಿ ಅದ್ದಿದ ಕಾಗದದ ದುಬಾರಿ ಕೆಪಾಸಿಟರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ವಾಲ್ಯೂಮ್ ಇಳಿಸಿದಾಗ ದನಿ ಮಂಕಾಗುತ್ತಿದ್ದರೆ, ವಾಲ್ಯೂಮ್ ಪಾಟ್‌ನ ಒಳಬರುವ ಮತ್ತು ಹೊರಹೋಗುವ ಕಡ್ಡಿಗಳ ನಡುವೆ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಪ್ಯಾರಲಲ್ ಆಗಿ 150 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಚಿಲ್ಲರೆ ದುಡ್ಡಿನ ಸಾಮಾನು, ಗುಣ ದೊಡ್ಡದು.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಕೆಪಾಸಿಟರ್, ರೆಸಿಸ್ಟರ್, ಸ್ವಿಚ್ ಸಿಗುತ್ತವೆ. ಪಾಟ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಮೆರಿಕದ ಅಳತೆಯ ಪಾಟ್‌ನ ಕತ್ತು ದಪ್ಪ, ಏಷ್ಯಾದಲ್ಲಿ ತಯಾರಾದ ಗಿಟಾರ್‌ಗಳ ತೂತು ಹೆಚ್ಚಾಗಿ ಚಿಕ್ಕದು. ವಾಲ್ಯೂಮ್‌ಗೆ ಲಾಗ್ ಪಾಟ್ ಕೇಳಿ, ಮೇಲೆ ಎ ಅಕ್ಷರ ಇರುತ್ತದೆ. ಬಿ ಅಂದರೆ ಲೀನಿಯರ್.

ಪಿಕಪ್ ಯಾವಾಗ ಬದಲಿಸಬೇಕು?

ಮೊದಲು ಎತ್ತರ ಬದಲಿಸಿ ನೋಡಿ, ಖರ್ಚೇ ಇಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ಸುಮಾರು 2 ಮಿ.ಮೀ. ಅಂತರದಿಂದ ಶುರು ಮಾಡಿ. ತೀರಾ ಹತ್ತಿರ ತಂದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ಅಲುಗುತ್ತದೆ. ಅದರ ನಂತರವೂ ಪಿಕಪ್ ಕೀರಲು ಕೂಗಿದರೆ, ಮಂಕಾಗಿಯೇ ಉಳಿದರೆ, ಅಥವಾ ಒಂಟಿ ಕಾಯಿಲ್‌ನಿಂದ ಹಂಬಕರ್‌ನ ದಪ್ಪ ದನಿಯೇ ಬೇಕೆಂದರೆ ಬದಲಿಸಿ. ಎಡ್ಡಿ ವ್ಯಾನ್ ಹೇಲೆನ್ ಎಪ್ಪತ್ತರ ದಶಕದಲ್ಲಿ ಸ್ಟ್ರ್ಯಾಟ್ ಆಕಾರದ ಗಿಟಾರ್‌ಗೆ ಗಿಬ್ಸನ್ ಹಂಬಕರ್ ಕೂರಿಸಿದ್ದು ಇದಕ್ಕೇ.

ಕೊಳ್ಳುವಾಗ ಡಬ್ಬಿಯ ಮೇಲಿನ ಕಿಲೋ ಓಮ್ ನೋಡಿ ಮರುಳಾಗಬೇಡಿ. ಸ್ಟ್ರ್ಯಾಟ್ ಪಿಕಪ್ ಸುಮಾರು 6, ಹಳೇ ರೀತಿಯ ಹಂಬಕರ್ ಸುಮಾರು 8, ಜೋರಿನವು 14-16 ತೋರಿಸುತ್ತವೆ. ಆದರೆ ಅದು ವೈರಿನ ಉದ್ದ ಮತ್ತು ತೆಳುವಿನ ಅಳತೆ, ಸದ್ದಿನ ಅಳತೆಯಲ್ಲ. ಅಯಸ್ಕಾಂತ ಬೇರೆಯಾದರೆ ಲೆಕ್ಕವೇ ಬೇರೆ.

ಬೆಸುಗೆ

ನನ್ನ ಮೊದಲ ಬೆಸುಗೆ ಪಾಟ್‌ನ ಬೆನ್ನಿನ ಮೇಲೆ. ಎಲ್ಲ ಗ್ರೌಂಡ್ ವೈರುಗಳು ಅಲ್ಲಿಗೇ ಬರುತ್ತವೆ. 25 ವ್ಯಾಟ್ ಐರನ್ ಒತ್ತಿ ಹಿಡಿದೆ. ಸೋಲ್ಡರ್ ಕರಗಿ, ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಂತಿತು. ಬಣ್ಣ ಬೂದಿ. ಒಂದು ವಾರ ಕಳೆದ ಮೇಲೆ ಗಿಟಾರ್ ಚಟಪಟ ಎನ್ನತೊಡಗಿತು. ತೆರೆದು ಉಗುರಿನಿಂದ ಮೀಟಿದರೆ ಆ ಗುಂಡು ಎದ್ದೇ ಬಂತು. ಪಾಟ್‌ನ ಲೋಹದ ಬೆನ್ನು ಶಾಖವನ್ನೆಲ್ಲ ಕುಡಿದುಬಿಟ್ಟಿತ್ತು. ಸೋಲ್ಡರ್ ಕರಗಿತ್ತು, ಲೋಹ ಕಾದಿರಲಿಲ್ಲ. ಎರಡನೇ ಸಲ ಪಾಟ್‌ನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, 60 ವ್ಯಾಟ್ ಐರನ್ನಿನ ಚಪ್ಪಟೆ ತುದಿಯಿಂದ ಮೊದಲು ಲೋಹ ಕಾಯಿಸಿ, ಆಮೇಲೆ ಸೋಲ್ಡರ್ ತಾಗಿಸಿದೆ. ಈ ಸಲ ಅದು ಅಂಚಿನವರೆಗೆ ನೀರಿನಂತೆ ಹರಡಿ ಹೊಳೆಯಿತು. ಇವತ್ತಿಗೂ ಅಲುಗಿಲ್ಲ.

ರೋಸಿನ್ ಇರುವ 60/40 ಸೋಲ್ಡರ್ ವೈರ್ ಸಾಕು. ನಲ್ಲಿ ಕೆಲಸದ ಆ್ಯಸಿಡ್ ಫ್ಲಕ್ಸ್ ಬೇಡ, ವೈರನ್ನೇ ತಿಂದುಹಾಕುತ್ತದೆ. ಕಿಟಕಿ ತೆರೆದಿಡಿ. ಸೋಲ್ಡರ್‌ನಲ್ಲಿ ಸೀಸ ಇದೆ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಐರನ್ ಮುಟ್ಟುವ ಮೊದಲು ಇರುವ ಜೋಡಣೆಯ ಫೋಟೋ ನಾಲ್ಕು ಕಡೆಯಿಂದ ತೆಗೆಯಿರಿ. ಕಾಗದದ ಮೇಲೆ ಕೈಯಾರೆ ಒಂದು ಚಿತ್ರವನ್ನೂ ಬರೆಯಿರಿ. ಬರೆಯುವಾಗಲೇ ಅರ್ಧ ತಪ್ಪು ಸಿಕ್ಕಿಬೀಳುತ್ತವೆ.

ಬ್ರಿಡ್ಜ್‌ನಿಂದ ಬರುವ ಗ್ರೌಂಡ್ ವೈರ್ ಮರೆಯಬೇಡಿ. ಅದರಿಂದಲೇ ತಂತಿ ಮುಟ್ಟಿದಾಗ ಗುಂಯ್ ಸದ್ದು ಇಳಿಯುವುದು. ಆದರೆ ಅದೇ ವೈರ್ ನಿಮ್ಮ ಕೈಯನ್ನು ಆಂಪ್‌ನ (ಆಂಪ್ಲಿಫೈಯರ್) ಲೋಹದ ಚೌಕಟ್ಟಿಗೆ ಸೇರಿಸುತ್ತದೆ. ಗಿಟಾರ್ ಒಳಗಿನ ವೋಲ್ಟೇಜಿಂದ ಶಾಕ್ ಹೊಡೆಯುವುದಿಲ್ಲ. ಅರ್ಥಿಂಗ್ ಇಲ್ಲದ ಆಂಪ್‌ನಿಂದ ಹೊಡೆಯಬಹುದು, ಅದು ಜೀವಕ್ಕೇ ಅಪಾಯ. ಪ್ಲಗ್‌ನ ಮೇಲಿನ ದಪ್ಪ ಪಿನ್ ಅರ್ಥಿಂಗ್‌ಗೆ ಇರುವುದು. ಅದನ್ನು ಬಿಟ್ಟು ಎರಡು ಪಿನ್ ಅಡಾಪ್ಟರ್ ಸಿಕ್ಕಿಸುವ ಅಭ್ಯಾಸ ದಯವಿಟ್ಟು ಬೇಡ. ಸಾಕೆಟ್‌ಗೆ ನಿಜವಾಗಿಯೂ ಅರ್ಥಿಂಗ್ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ.

ಹಲಗೆಯನ್ನು ಮತ್ತೆ ಕೂರಿಸುವ ಮೊದಲು, ತಂತಿ ಹಾಕುವ ಮೊದಲು, ಕೇಬಲ್ ಚುಚ್ಚಿ ಆಂಪ್ ಸಣ್ಣಗೆ ಹಚ್ಚಿ. ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದು ಪಿಕಪ್‌ನ ಮೇಲಿನ ಕಂಬಗಳನ್ನು ಮೆಲ್ಲಗೆ ತಟ್ಟಿ. ಸ್ವಿಚ್ ಬದಲಿಸಿ, ಮತ್ತೆ ತಟ್ಟಿ. ಹೊಸ ಸ್ವಿಚ್ ಎಳೆದು, ಮತ್ತೆ ತಟ್ಟಿ. ಆನ್ ಇರಬೇಕಾದ ಪಿಕಪ್‌ನಿಂದ ಟಕ್ ಎಂದು ಜೋರಾಗಿ, ಆಫ್ ಇರಬೇಕಾದದ್ದರಿಂದ ಕೇಳಿಯೂ ಕೇಳದಂತೆ ಬಂದರೆ ಜೋಡಣೆ ಸರಿಯಿದೆ. ಇನ್ನು ತಂತಿ ಹಾಕಬಹುದು.